ಚಿಗವ್ವ ಕೂರದ ಬೆಂಚು

ಕನ್ನೊಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಲ್ಲಿನ ಬೆಂಚಿದೆ. ಮಾಡಿಸಿದವಳು ನಾನೇ. ಮಧ್ಯಾಹ್ನದ ಬಸ್ಸಿಗೆ ಅಲ್ಲಿ ಇಳಿದರೆ ಇವತ್ತಿಗೂ ಅದರ ಪಕ್ಕ ನಮ್ಮ ಚಿಗವ್ವ ನಿಂತಂತೆ ಕಾಣುತ್ತದೆ. ಅವಳೇನು ಸತ್ತಿಲ್ಲ, ಬದುಕಿದ್ದಾಳೆ, ನನ್ನ ಮೇಲೆ ರೇಗುತ್ತಾಳೆ ಕೂಡ. ಆದರೂ ಕಾಣುತ್ತದೆ.

ಚಿಗವ್ವ ನನ್ನ ಕಾಕಾನ ಹೆಂಡತಿ. ಕಾಕಾ ತೀರಿಹೋಗಿ ಬಹಳ ವರ್ಷಗಳಾದವು. ಅವಳ ತಂಗಿ ಊರಿನ ಆ ತುದಿಯಲ್ಲಿ ಹಾಸಿಗೆ ಹಿಡಿದಿದ್ದಳು. ಚಿಗವ್ವ ಎರಡು ದಿನಕ್ಕೊಮ್ಮೆ ಡಬ್ಬಿಯಲ್ಲಿ ನುಚ್ಚು ತುಂಬಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಮೊಣಕಾಲು ನೋವು. ಗಾಡಿ ಹತ್ತು ಅಂದರೆ, “ಅಷ್ಟ ಎತ್ತರಕ್ಕ ಕಾಲು ಎತ್ತಾಕ ಬರತೈತೇನ? ನಡಕೊಂಡ ಹೋಗತೀನಿ ಬಿಡು” ಎಂದು ನನ್ನನ್ನೇ ಗದರಿಸುತ್ತಿದ್ದಳು. ಅರ್ಧ ದಾರಿಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ, ಬಿದ್ದ ಮನೆಯದೊಂದು ತೊಲೆ ಇತ್ತು. ಅದರ ಮೇಲೆ ಕೂತು ದಣಿವಾರಿಸಿಕೊಂಡು ಮುಂದೆ ಹೋಗುವಳು. ನೆಲಕ್ಕೆ ಕೂತರೆ ಏಳುವುದು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಟ್ರಸ್ಟಿನವರು, ವಯಸ್ಸಾದವರಿಗೆ ಊರಲ್ಲಿ ಅನುಕೂಲ ಮಾಡಿಕೊಡುವ ಸಣ್ಣ ಕೆಲಸಗಳಿಗೆ ಹಣ ಕೊಡುತ್ತಾರೆಂದು ಗೊತ್ತಾಯಿತು. ನಾನು ಸಾಲಿ ಕಲಿಸಿ ನಿವೃತ್ತಳಾದವಳು. ಅರ್ಜಿ ಎಂದರೆ ಕೈ ತುರಿಸುತ್ತದೆ. ಚಿಗವ್ವನ ಮೊಣಕಾಲಿನ ಕಥೆಯನ್ನೇ ಬರೆದು ಕಳಿಸಿದೆ. ಮಂಜೂರಾಯಿತು! ಆ ತೊಲೆ ಅಸಹ್ಯವಾಗಿ ಕಾಣುತ್ತದೆಂದು ತೆಗೆಸಿ, ಅದೇ ಜಾಗದಲ್ಲಿ ಬೆಂಚು ಹಾಕಿಸಿದೆ. ನಮ್ಮ ಕಡೆ ಗುಡಿಯ ಮೆಟ್ಟಿಲಾಗಲಿ, ನೀರಿನ ಟಾಕಿಯಾಗಲಿ, ಏನು ಕಟ್ಟಿಸಿದರೂ ತೀರಿಹೋದವರ ಹೆಸರು ಕೆತ್ತಿಸುತ್ತೇವೆ. ನಾನೂ ಕಾಕಾನ ಹೆಸರು ಬರೆದುಕೊಟ್ಟೆ.

“ಅಕ್ಕೋರ, ಬದೀಗೆ ಕೆತ್ತಲೇನ್ರಿ?” ಎಂದು ಕಲ್ಲು ಕೆಲಸದವನು ಕೇಳಿದ.

“ಬದೀಗ್ಯಾಕೋ? ಕುಂದ್ರೂ ಕಲ್ಲಿನ ನಟ್ಟನಡುವ ಕೆತ್ತು. ಎಲ್ಲಾರಿಗೂ ಕಾಣ್ಲಿ.”

ಕಾಯಿ ಒಡೆದ ದಿನ, ಅಕ್ಷರ ಬಾರದ ಚಿಗವ್ವನ ಬೆರಳು ಹಿಡಿದು ಆ ಹೆಸರಿನ ಮೇಲೆ ಆಡಿಸಿದೆ, ಒಂದೊಂದೇ ಅಕ್ಷರ ಓದಿ ಹೇಳಿದೆ. ಆಕೆ ಬೆರಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನನಗೆ ಹಿಗ್ಗೋ ಹಿಗ್ಗು.

ಆಮೇಲೆ ಎರಡು ಮೂರು ಸಲ, ಸಿಂದಗಿಯಿಂದ ಬರುವಾಗ, ಚಿಗವ್ವ ಆ ಬೆಂಚಿನ ಪಕ್ಕ ನಿಂತಿದ್ದನ್ನು ಕಂಡೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಡಬ್ಬಿ, ಸುಡುಸುಡು ಬಿಸಿಲು. ಗಂಡನನ್ನು ನೆನೆಸುತ್ತಿದ್ದಾಳೆ ಅಂದುಕೊಂಡೆ. ಒಂದು ಫೋಟೋ ತೆಗೆದು ಟ್ರಸ್ಟಿನವರಿಗೂ ಕಳಿಸಿದೆ. ಅವರು ಭೇಷ್ ಎಂದರು. ಬೆಂಚಿನ ಮೇಲೆ ಊರಿನ ಮುದುಕರು ಯಾರೂ ಕೂರುತ್ತಿರಲಿಲ್ಲ. ನಾನು ಮಾತ್ರ, “ಎಷ್ಟು ಸ್ವಚ್ಛ ಇಟ್ಟಾರ ನೋಡ್ರಿ” ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ. ಹುಚ್ಚಿ ನಾನು.

ಬರುಬರುತ್ತ ಚಿಗವ್ವ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಳು. ಮೊಣಕಾಲು ನೋವು ಹೆಚ್ಚಾಗಿರಬೇಕೆಂದು ಎಣ್ಣೆ ತಂದುಕೊಟ್ಟೆ. ತಿಂಗಳೊಳಗೆ ತಂಗಿ ಹೋಗಿಬಿಟ್ಟಳು. ತಂಗಿಯ ಮಣ್ಣಿಗೆ ಹೋಗಲು ಚಿಗವ್ವನನ್ನು ನಾಲ್ಕು ಜನ ಎತ್ತಿ ಟೆಂಪೋದಲ್ಲಿ ಕೂರಿಸಿ ಒಯ್ದರು. ಅಲ್ಲಿ ತಂಗಿಯ ಸೊಸೆ ಅಳುತ್ತ ಹೇಳಿದಳು: “ಅಕ್ಕ ಬಂದ್ಲೇನ, ಅಕ್ಕ ಬಂದ್ಲೇನ ಅಂತ ಬಾಗಲಾ ನೋಡಕೋತನ ಜೀವ ಬಿಟ್ರು.”

ಮನೆಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಬೆಂಚಿನ ತನಕಾ ಬರತಿದ್ದಿ. ಅಲ್ಲೆ ಕುಂತು ದಣಿವಾರಿಸ್ಕೊಂಡು ಮುಂದ ಹೋಗಾಕ ಏನಾಗಿತ್ತು ನಿನಗ?”

ಚಿಗವ್ವ ನನ್ನ ಮುಖ ನೋಡಿದಳು. “ಅವರ ಹೆಸರಿನ ಮ್ಯಾಲ ನಾ ಹೆಂಗ ಕುಂದರ್ಲೆವ್ವಾ?”

ಜೀವಮಾನದಲ್ಲಿ ಒಮ್ಮೆಯೂ ಗಂಡನ ಹೆಸರನ್ನು ಬಾಯಿಂದ ಆಡದವಳು. ಆ ಹೆಸರಿನ ಮೇಲೆ ಕೂರು ಎಂದು ನಾನು ಕಲ್ಲು ಹಾಕಿಸಿದ್ದೆ. ಇದ್ದ ತೊಲೆಯನ್ನೂ ತೆಗೆಸಿದ್ದೆ. ಆಕೆ ಅಲ್ಲಿಯವರೆಗೆ ಬಂದು, ನಿಂತು ನಿಂತು ಕಾಲು ಸೋತು, ನುಚ್ಚಿನ ಡಬ್ಬಿಯ ಸಮೇತ ಹಿಂದಿರುಗಿದ್ದಳು. ನಾನು ಫೋಟೋ ತೆಗೆದಿದ್ದೆ.

“ನನಗೊಂದು ಮಾತು ಹೇಳಬಾರದಿತ್ತೇನ ಚಿಗವ್ವಾ?”

“ಅಷ್ಟ ಆಸೆಪಟ್ಟು ಮಾಡಿಸಿದ್ದಿ. ಹೆಂಗ ಹೇಳ್ಲಿ?”

ಕಲ್ಲು ಕೆಲಸದವನನ್ನು ಮತ್ತೆ ಕರೆಸಿ ಆ ಹೆಸರನ್ನು ತೆಗೆಸಿದೆ. ಮರುದಿನದಿಂದಲೇ ಮುದುಕರು ಮುದುಕಿಯರು ಅಲ್ಲಿ ಒತ್ತೊತ್ತಾಗಿ ಕೂರತೊಡಗಿದರು. ನಾನು ಓಡಿಹೋಗಿ ಹೇಳಿದೆ: “ಚಿಗವ್ವಾ, ಹೆಸರು ತಗಿಸೇನಿ. ನಡಿ, ಒಂದೀಟು ಕುಂತು ಬರೂಣು.”

“ಆ ಹಾದಿ ಹಿಡದು ಹೋಗಿ, ಈಗ ಯಾರನ್ನ ನೋಡ್ಲಿ?” ಎಂದಳು.