ಐದು ವರ್ಷದವಳ ಕೈಯಲ್ಲಿ ಚಾಕು

ಕುಣಿಗಲ್‌ನ ಒಂದು ಸಣ್ಣ ಶಾಲೆಯಲ್ಲಿ ನಾನು ಯುಕೆಜಿ ಟೀಚರ್. ಆ ಬೇಸಿಗೆ ರಜೆಯಲ್ಲಿ ತುಮಕೂರಿನಲ್ಲಿ ನಮಗೊಂದು ತರಬೇತಿ ಇತ್ತು. ಹಿಂದಿನ ಶತಮಾನದ ಒಬ್ಬ ಶಿಕ್ಷಣ ಸುಧಾರಕಿಯ ವಿಚಾರಗಳನ್ನು ಅಲ್ಲಿ ಹೇಳಿಕೊಟ್ಟರು. ಮಕ್ಕಳಿಗೆ ಆಟದ ಸಾಮಾನು ಸಾಲದು, ನಿಜವಾದ ಗಾಜಿನ ಲೋಟ, ನಿಜವಾದ ಚಾಕು ಕೊಡಬೇಕು. ಒಂದು ಸಲ ತೋರಿಸಿ ಪಕ್ಕಕ್ಕೆ ಸರಿಯಬೇಕು. ಮಗು ತಾನೇ ಮಾಡುವ ಕೆಲಸಕ್ಕೆ ದೊಡ್ಡವರು ಕೈ ಹಾಕಬಾರದು. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಭಯ ಶುರುವಾಯಿತು. ಶಾಲೆ ತೆರೆದ ಮೇಲೆ, ನನ್ನ ಕ್ಲಾಸಿನಲ್ಲೂ ಇದನ್ನು ಮಾಡಿಸಲೇ ಅಂತ ಕೇಳಿದೆ.

"ಮಾಡಿ. ಏನಾದ್ರೂ ಆದ್ರೆ ನೀವೇ ಜವಾಬ್ದಾರಿ ಕಣಮ್ಮ" ಅಂದರು ಹೆಡ್‌ಮಿಸ್.

ಚಾಪೆಯ ಮೇಲೆ ಮಣೆ, ಎಳೆ ಸೌತೆಕಾಯಿ, ಒಂದು ಚಿಕ್ಕ ಚಾಕು ಇಟ್ಟೆ. ಒಂದು ಸಲಕ್ಕೆ ಒಬ್ಬರೇ ಹೆಚ್ಚಬೇಕು. ನಾನು ಕೈ ಹಿಂದೆ ಕಟ್ಟಿಕೊಂಡು ಕೂತಿದ್ದೆ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿಯ ಸರದಿ ಬಂತು. ಚಾಕು ಜಾರಿತು. ಮಣೆಯ ಮೇಲೆ ರಕ್ತ ಕಂಡಿದ್ದೇ ಅವಳ ಕೈ ಹಿಡಿಯಲು ಹೋದೆ. ಅವಳು ಅಳಲಿಲ್ಲ.

"ಮಿಸ್, ನಾನೇ ತೊಳ್ಕೋತೀನಿ" ಅಂದಳು. ನಾನು ಕೇಳಿದ ಅವಳ ಮೊದಲ ಪೂರ್ತಿ ಮಾತು ಅದು.

ಗಾಯ ಚಿಕ್ಕದು, ಬ್ಯಾಂಡೇಡ್‌ಗೆ ಮುಗಿಯಿತು. ನನ್ನ ಭಯ ಮುಗಿಯಲಿಲ್ಲ. ಅವಳ ತಾಯಿಗೆ ಫೋನ್ ಮಾಡಿ ಗೇಟಿನ ಹತ್ತಿರ ನಿಂತೆ. ಪೋಷಕರ ವಾಟ್ಸಾಪ್ ಗ್ರೂಪಿಗೆ ವಿಷಯ ಹೋದರೆ ನನ್ನ ಕೆಲಸ ಹೋದ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ, ಕಣ್ಣಿಗೇನಾದರೂ ತಗುಲಿದ್ದರೆ ಅನ್ನೋ ಯೋಚನೆ ಬಿಡುತ್ತಲೇ ಇರಲಿಲ್ಲ.

ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಆ ತಾಯಿ. ಬುರ್ಖಾದ ತೋಳಿಗೆ ನೂಲು ಅಂಟಿದ್ದ ಹಾಗೇ ಓಡಿ ಬಂದರು. ಮಗಳ ಬೆರಳು ಹಿಡಿದು ತಿರುಗಿಸಿ ನೋಡಿದರು.

"ಯಾರ್ ಟೀಚರ್ ಇವ್ಳ ಕೈಗೆ ಚಾಕು ಕೊಟ್ಟಿದ್ದು?"

"ನಾನೇ."

"ನಿಮ್ಮ ಮಗೂಗೂ ಕೊಡ್ತೀರಾ?"

ನನ್ನ ಮಗನಿಗೂ ಅವಳದೇ ವಯಸ್ಸು. ಸುಳ್ಳು ಹೇಳುವುದಕ್ಕೆ ನಾಲಿಗೆ ಬರಲಿಲ್ಲ. "ಇನ್ನೂ ಕೊಟ್ಟಿಲ್ಲ. ನಂಗೂ ಭಯ ಆಗುತ್ತೆ" ಅಂದೆ. ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ತಡವರಿಸಿಕೊಂಡು ಹೇಳಿದೆ. ಅವರು ಮಗಳ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು.

"ನಾಳೆ ಬರ್ತೀನಿ. ನನ್ನ ಎದುರಿಗೇ ಮಾಡ್ಸಿ. ಸರಿ ಕಾಣ್ಲಿಲ್ಲ ಅಂದ್ರೆ ಟಿಸಿ ತಗೊಂಡ್ ಹೋಗ್ತೀನಿ."

ಮಾರನೆಯ ದಿನ ಅವರು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಹುಡುಗಿ ಗಾಯದ ಬೆರಳನ್ನು ಮಡಿಸಿಕೊಂಡು ಚಾಕು ಎತ್ತಿದಳು. ತಾಯಿ ಧಡಕ್ಕನೆ ಮೇಲೇಳಲು ಹೋದರು. ನಾನು ಅವರ ಮಣಿಕಟ್ಟು ಹಿಡಿದೆ. ಹೋಳು ದಪ್ಪ ದಪ್ಪಗೆ, ಸೊಟ್ಟಗೆ ಬಿದ್ದವು. ಮುಗಿಯುವವರೆಗೂ ನಾನು ಅವರ ಕೈ ಬಿಡಲಿಲ್ಲ.

ಹುಡುಗಿ ಒಂದು ಹೋಳು ತಂದು ಅಮ್ಮನ ಬಾಯಿಗಿಟ್ಟಳು. ಅವರಿಗೆ ಅಗಿಯುವುದಕ್ಕೇ ಆಗಲಿಲ್ಲ, ಹಾಗೇ ಬಾಯಲ್ಲಿಟ್ಟುಕೊಂಡು ಕೂತರು. ಟಿಸಿ ಮಾತು ಎತ್ತಲಿಲ್ಲ. ಹೊರಡುವಾಗ ಮೆಲ್ಲಗೆ ಅಂದರು: "ನೀವು ಮಾತ್ರ ಪಕ್ಕದಲ್ಲೇ ಇರಿ ಟೀಚರ್. ಎಲ್ಲೂ ಹೋಗ್ಬೇಡಿ."

ಅವತ್ತಿನಿಂದ ಚಾಕು ಹೊರಗೆ ತೆಗೆದಾಗಲೆಲ್ಲ ಅಲ್ಲೇ ಕೂತಿರುತ್ತೇನೆ. ಭಯ ಈಗಲೂ ಆಗುತ್ತದೆ.