ಇಪ್ಪತ್ತೊಂದು ದಿನ ಮುಂಚೆ ಹುಟ್ಟಿದವಳು

ಕೊರಿಯಾದ ಮೊಕ್‌ಪೊ ಬಂದರಿನ ನಮ್ಮ ಮಾರುಕಟ್ಟೆಯಲ್ಲಿ ಅವಳನ್ನು ಮೆರೆತೆ ಎಂದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವಳು ಡೆನ್ಮಾರ್ಕ್. ಡೆನ್ಮಾರ್ಕ್ ಇವತ್ತು ಏಡಿ ಕೊಂಡಳು, ಡೆನ್ಮಾರ್ಕ್‌ಗೆ ನೆಗಡಿ, ಹೀಗೆ.

ನಾನು ಮೂವತ್ತು ವರ್ಷದಿಂದ ಅಲ್ಲಿ ತರಕಾರಿಗೆ ಖಾರ ಹಚ್ಚಿ ಹುಳಿ ಬರಿಸಿದ ಕಿಮ್ಚಿ, ಪಲ್ಯ, ಉಪ್ಪು ಮೀನು ಮಾರುವವಳು. ಮುಖ ನೋಡಿ ಊರು ಹೇಳಬಲ್ಲೆ. ಅವಳ ಮುಖ ಥೇಟ್ ನಮ್ಮ ಕರಾವಳಿಯದು. ಮೊದಲ ದಿನ ನಾನು ಕೇಳಿದ್ದಕ್ಕೆಲ್ಲ ಸುಮ್ಮನೆ ನಕ್ಕಳು. ಎಷ್ಟು ಸೊಕ್ಕು ಇವಳಿಗೆ ಎಂದು ಬೈದುಬಿಟ್ಟೆ. ಆಮೇಲೆ ಗೊತ್ತಾಯಿತು, ಆರು ತಿಂಗಳ ಕೂಸಾಗಿದ್ದಾಗ ಇದೇ ಊರಿನ ಅನಾಥಾಲಯದಿಂದ ಅವಳನ್ನು ಡೆನ್ಮಾರ್ಕಿನ ದಂಪತಿ ದತ್ತು ತೆಗೆದುಕೊಂಡಿದ್ದರಂತೆ. ಈಗ ನಲವತ್ತೈದು. ಸಾಕಿದವರಿಬ್ಬರೂ ತೀರಿಕೊಂಡ ಮೇಲೆ ಹೆತ್ತವಳನ್ನು ಹುಡುಕಿಕೊಂಡು ಬಂದಿದ್ದಳು. ನನಗೆ ನಾಚಿಕೆಯಾಗಿ ಒಂದು ಡಬ್ಬಿ ಮೂಲಂಗಿ ಕಿಮ್ಚಿ ಕೊಟ್ಟೆ. ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಅಲ್ಲೇ ನಿಂತು ಪೂರ್ತಿ ತಿಂದು ಮುಗಿಸಿದಳು. ಅವತ್ತಿನಿಂದ ಅವಳೆಂದರೆ ನನಗೆ ಇಷ್ಟ.

ನನ್ನ ತಮ್ಮ ಗುನ್‌ತೆಗೆ ಇನ್ನೂ ಇಷ್ಟವಾದಳು. ದೋಣಿ ಎಂಜಿನ್ ರಿಪೇರಿಯವನು, ಹೆಂಡತಿ ಬಿಟ್ಟುಹೋಗಿ ಹತ್ತು ವರ್ಷವಾಗಿತ್ತು. ಹಬ್ಬಕ್ಕೂ ಗಡ್ಡ ತೆಗೆಯದ ಆಸಾಮಿ ದಿನಾ ನುಣ್ಣಗೆ ಹೆರೆದುಕೊಂಡು ನನ್ನ ಅಂಗಡಿಗೆ ಬರತೊಡಗಿದ. ಅವಳಿಗೆ ಭಾಷೆ ಕಲಿಸುವ ನೆಪ. ಕಲಿಸಿದ್ದೆಲ್ಲ ಬಂದರಿನ ಬೈಗುಳ. ಅದನ್ನು ಅವಳು ಒಂದು ದಿನ ಬ್ಯಾಂಕಿನ ಮ್ಯಾನೇಜರಿಗೆ ನಗುನಗುತ್ತಾ ಒಪ್ಪಿಸಿ ಬಂದಳು.

ಹುಡುಕಾಟ ಮಾತ್ರ ಕುಂಟುತ್ತಿತ್ತು. ಅವಳ ಬಳಿ ಇದ್ದದ್ದು ಅನಾಥಾಲಯದ ಒಂದು ಕಾಗದ. ಹುಟ್ಟಿದ್ದು ಎರಡನೇ ತಿಂಗಳು, ಹತ್ತನೇ ದಿನ ಎಂದಿತ್ತು; ಫೆಬ್ರವರಿ ಹತ್ತು ಎಂದುಕೊಂಡಿದ್ದಳು. ಮಕ್ಕಳನ್ನು ಹುಡುಕಿಕೊಡುವ ಕಚೇರಿಯಲ್ಲಿ ದ್ವೀಪದ ಒಬ್ಬ ಮುದುಕಿಯ ಅರ್ಜಿಯೂ ಸಿಕ್ಕಿತ್ತು. ಅದೇ ವರ್ಷ, ಅದೇ ಅನಾಥಾಲಯ. ಆದರೆ ಆ ಮಗು ಹುಟ್ಟಿದ್ದು ಮಾರ್ಚ್ ಮೂರಕ್ಕೆ. ಇಪ್ಪತ್ತೊಂದು ದಿನದ ವ್ಯತ್ಯಾಸ. ಕಾಗದವನ್ನು ದೇವರಂತೆ ನಂಬುವ ದೇಶದಲ್ಲಿ ಬೆಳೆದವಳು, ಆ ಮುದುಕಿಯ ಹೆಸರಿಗೆ ತಾನೇ ಗೀಟು ಹಾಕಿದಳು. ಫೆಬ್ರವರಿ ಕೊನೆಗೆ ವಾಪಸು ಹೋಗಲು ಟಿಕೆಟ್ಟನ್ನೂ ತೆಗೆದಳು. ಗುನ್‌ತೆ ಮತ್ತೆ ಗಡ್ಡ ಬಿಟ್ಟ.

ಫೆಬ್ರವರಿ ಹತ್ತರಂದು ಅವಳ ಹುಟ್ಟುಹಬ್ಬವೆಂದು ಕಡಲಸೊಪ್ಪಿನ ಸಾರು ಮಾಡಿದೆ. ನಮ್ಮಲ್ಲಿ ಬಾಣಂತಿಗೆ ಕೊಡುವುದು ಅದನ್ನೇ, ಹುಟ್ಟಿದ ದಿನ ಕುಡಿಯುವುದೂ ಅದನ್ನೇ. ಬಡಿಸುತ್ತಾ, ಆ ಕಾಗದ ತೋರಿಸು ನೋಡೋಣ ಅಂದೆ. ಯಾರು ಬರೆದದ್ದು ಎಂದು ಕೇಳಿದೆ. ಕೂಸಿನ ಬಟ್ಟೆಗೆ ಸಿಕ್ಕಿಸಿದ್ದ ಚೀಟಿಯಿಂದ ಅನಾಥಾಲಯದವರು ಇಳಿಸಿಕೊಂಡದ್ದಂತೆ. ನನ್ನ ಕೈಯ ಸೌಟು ಅಲ್ಲೇ ನಿಂತಿತು.

"ಅಯ್ಯೋ ಪೆದ್ದಿ, ಇದು ಚಾಂದ್ರಮಾನದ ಲೆಕ್ಕ ಕಣೇ," ಅಂದೆ. "ಆಗಿನ ಕಾಲದಲ್ಲಿ ದ್ವೀಪದ ಹೆಂಗಸರು ಸರ್ಕಾರಿ ತಾರೀಕು ನೋಡಿ ಹೆರ್ತಿದ್ರಾ? ನನ್ನ ಸರ್ಕಾರಿ ತಾರೀಕು ನಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ."

ಊಟಕ್ಕೆ ಬಂದಿದ್ದ ಗುನ್‌ತೆ ಗ್ರೀಸು ಮೆತ್ತಿದ ಬೆರಳಲ್ಲೇ ಫೋನು ತೆಗೆದು ಆ ವರ್ಷದ ಎರಡನೇ ಚಾಂದ್ರಮಾಸದ ಹತ್ತನೇ ದಿನ ಯಾವ ತಾರೀಕಿಗೆ ಬೀಳುತ್ತದೆಂದು ಹುಡುಕಿದ. ಎರಡು ಸಲ ನೋಡಿದ. ಮಾರ್ಚ್ ಮೂರು ಅಂದ. ಅರ್ಜಿ ಕೊಡುವಾಗ ಮುದುಕಿಯ ಕಡೆಯವರು ತಾರೀಕನ್ನು ಸರ್ಕಾರಿ ಲೆಕ್ಕಕ್ಕೆ ತಿರುಗಿಸಿದ್ದರು. ಅನಾಥಾಲಯದವರು ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಬರೆದುಕೊಂಡಿದ್ದರು, ಅಷ್ಟೇ.

ಮೆರೆತೆ ಬಟ್ಟಲಿನಿಂದ ತಲೆ ಎತ್ತಿದಳು.

"ಹಾಗಾದ್ರೆ ನಾನು ಇನ್ನೂ ಹುಟ್ಟಿಲ್ವಾ ಅಕ್ಕಾ?"

"ಇಲ್ಲ. ಸಾರು ಕುಡಿ, ಆರಿ ಹೋಗುತ್ತೆ."

ಕಚೇರಿಯವರು ಅವಳ ಮತ್ತು ಆ ಮುದುಕಿಯ ಜೊಲ್ಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಅವಳು ಟಿಕೆಟ್ ರದ್ದು ಮಾಡಿದಳು. ಫಲಿತಾಂಶ ಬರುವವರೆಗೆ ನನ್ನ ಅಂಗಡಿಯ ಬೆಳ್ಳುಳ್ಳಿಯನ್ನೆಲ್ಲ ಸುಲಿದು ಗುಡ್ಡೆ ಹಾಕಿದಳು. ತಾಯಿ ಮಗಳೇ ಎಂದು ಕಾಗದ ಬಂದ ದಿನ ನಾನು ಅತ್ತುಬಿಟ್ಟೆ. ಯಾರಾದರೂ ಕೇಳಿದರೆ ಈರುಳ್ಳಿ ಅನ್ನುತ್ತೇನೆ.

ಮೂವರೂ ದೋಣಿ ಹತ್ತಿ ದ್ವೀಪಕ್ಕೆ ಹೋದೆವು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂಬ ಒಂದು ಮಾತನ್ನು ಮೆರೆತೆ ಗೌರವದ ಮಾತಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು. ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಸಿಂಪಿ ಕಿತ್ತು ಕಿತ್ತು ಒಡೆದ ಕೈ. ಗಂಡ ಸಮುದ್ರದ ಪಾಲಾದ ವರ್ಷ, ಎದೆಯ ಹಾಲು ಬತ್ತಿ, ಕೂಸನ್ನು ಅನಾಥಾಲಯಕ್ಕೆ ಒಪ್ಪಿಸಿದವಳು. ಮಗಳ ಮಣಿಕಟ್ಟು ಹಿಡಿದುಕೊಂಡು ಕೂತಳು. ಮೆರೆತೆಗೆ ಕಲಿತ ಮಾತು ಮರೆತೇ ಹೋಯಿತು.

ಆಮೇಲೆ ಮುದುಕಿಯ ಕಣ್ಣು ಗುನ್‌ತೆಯ ಮೇಲೆ ಬಿತ್ತು. ಇವನ್ಯಾರು ಎಂದು ಕೇಳಿದಳು. ನನ್ನ ತಮ್ಮ, ನಿಮ್ಮ ಮಗಳನ್ನು ಮದುವೆಯಾಗಬೇಕಂತಿದ್ದಾನೆ, ಒಳ್ಳೆ ಹುಡುಗ ಅಂದೆ. ಹುಡುಗನಿಗೆ ಐವತ್ತಾಗಿತ್ತು.

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವತ್ತು ನನ್ನ ಮಗೂನ ಯಾರು ಕರ್ಕೊಂಡ್ಹೋಗ್ತಾರೆ, ಎಂಥವರು, ಒಂದು ಮಾತೂ ವಿಚಾರಿಸ್ದೆ ಕಳಿಸಿಬಿಟ್ಟೆ," ಅಂದಳು. "ಈ ಸಲ ವಿಚಾರಿಸ್ತೀನಿ. ಕೂತ್ಕೋ."

ಅವನು ಮಂಡಿಯೂರಿ ಕೂತ. ಕುಡಿತ ಇದೆಯೇ, ಕೈ ಎತ್ತುತ್ತೀಯಾ, ಅಡುಗೆ ಬರುತ್ತದೆಯೇ, ಮೊದಲು ಮದುವೆಯಾಗಿತ್ತೇ, ಒಂದಾದ ಮೇಲೊಂದು ಕೇಳಿದಳು. ಚಳಿಯಲ್ಲೂ ಅವನ ಹಣೆ ಬೆವರಿತು. ಅರ್ಧಕ್ಕರ್ಧ ಅರ್ಥವಾಗದ ಮೆರೆತೆ ನನ್ನ ಕಡೆ ತಿರುಗಿದಳು.

"ನಿಮ್ಮಮ್ಮ ಗಂಡು ಪರೀಕ್ಷೆ ಮಾಡ್ತಿದಾಳೆ ಕಣೇ," ಅಂದೆ.

ಅವಳು ಮುದುಕಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಅವಳ ಬೆನ್ನು ಸವರುತ್ತಲೇ, ನನ್ನ ತಮ್ಮನ ಮೇಲಿನ ಕಣ್ಣು ಕೀಳದೆ, ಮುಂದಿನ ಪ್ರಶ್ನೆ ಕೇಳಿದಳು: "ಮೊದಲ್ನೇ ಹೆಂಡ್ತಿ ಯಾಕೆ ಬಿಟ್ಟುಹೋದ್ಲು?"