ಕೋಳಿ ರುಚಿಯ ಮಾತ್ರೆ

ನಮ್ಮ ನಾಯಿಯ ಜಂತುಹುಳುವಿಗೆ ಎರಡು ಬಗೆಯ ಮಾತ್ರೆಗಳಿವೆ, ಎರಡರ ಕೆಲಸವೂ ಒಂದೇ ಎಂದರು ಮಹದೇವಪುರದ ಪಶುವೈದ್ಯರು. ಬಿಳಿಯದು ಕಹಿ, ಕೋಳಿ ರುಚಿಯದನ್ನು ನಾಯಿ ತಾನಾಗಿಯೇ ತಿನ್ನುತ್ತದೆ. ನಾನು ಕೋಳಿ ರುಚಿಯದನ್ನೇ ತಂದೆ.

ಪೊಟ್ಟಣದ ಮೇಲಿನ ಕೋಳಿಯ ಚಿತ್ರ ನೋಡಿ ಅತ್ತೆ, "ಲಿಂಗಪೂಜಿ ನಡಿಯೋ ಮನ್ಯಾಗ ಇಂಥಾ ಗುಳಿಗಿ ಬ್ಯಾಡವಾ" ಎಂದರು. ಅವರ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಮೈ ಉರಿದದ್ದು ಗಂಡನ ಮಾತಿಗೆ.

"ಅವ್ವ ಹೇಳೋದು ಖರೇನ ಅದ. ಮನಿ ಅಂದಮ್ಯಾಲ ಆಚಾರ ಅಂತ ಇರ್ತದ. ವಾಪಸ್ ಕೊಟ್ಟು ಬಾ."

ಪ್ರತಿ ಶುಕ್ರವಾರ ಆಫೀಸಿನವರ ಜೊತೆ ಚಿಕನ್ ಕಬಾಬ್ ತಿಂದು, ಲಿಫ್ಟಿನಲ್ಲಿ ಸೋಂಪು ಅಗಿಯುತ್ತಾ ಮೇಲೆ ಬರುವ ಮನುಷ್ಯನ ಬಾಯಲ್ಲಿ ಆಚಾರ!

ಹಲ್ಲು ಕಚ್ಚಿಕೊಂಡು ಬಿಳಿ ಮಾತ್ರೆ ತಂದೆ. ಬಾಳೆಹಣ್ಣಿನಲ್ಲಿ ಹುದುಗಿಸಿಟ್ಟೆ, ಕೊನೆಗೆ ಧಾರವಾಡ ಪೇಡೆಯಲ್ಲೂ ಇಟ್ಟೆ. ನಾಯಿ ಪೇಡೆ ತಿಂದು ಮಾತ್ರೆಯನ್ನು ನೆಲಕ್ಕೆ ಉಗಿಯಿತು.

ಶುಕ್ರವಾರ ಸಂಜೆ ಗಂಡ ಬಂದು ಸೋಫಾದಲ್ಲಿ ಕೂತದ್ದೇ ತಡ, ನಾಯಿ ಓಡಿಬಂದು ಅವರ ಬಲಗೈ ಬೆರಳುಗಳನ್ನು ಬಿಡದೆ ನೆಕ್ಕತೊಡಗಿತು. ನಾನು ಬಿಳಿ ಮಾತ್ರೆಯನ್ನು ಆ ಬೆರಳುಗಳ ನಡುವೆ ಇಟ್ಟು, ಅತ್ತೆಗೂ ಕೇಳುವಂತೆ ಹೇಳಿದೆ: "ನೀವ ತಿನ್ನಸ್ರಿ. ನಿಮ್ಮ ಕೈ ರುಚಿ ಅದಕ್ಕ ಭಾಳ ಸೇರ್ತದ."

ನಾಯಿ ಮಾತ್ರೆಯನ್ನು ಗಬಕ್ಕನೆ ನುಂಗಿತು. ಅತ್ತೆ ಮಗನ ಕೈಯನ್ನೇ ನೋಡುತ್ತಿದ್ದರು.